ಕೆರೆಯ ಈಚೆ ದಡದ ಫೈನಲ್

ಫೈನಲ್ ಶುರುವಾಗಬೇಕಿದ್ದ ಹೊತ್ತಿಗೆ ಸುಧಾಮಣಿ ಕ್ಲಬ್ ಹೌಸಿನ ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದಳು. ಒಳಗೆ ಕುಡಿಯುವ ನೀರಿತ್ತು, ಟಾಯ್ಲೆಟ್ ಇತ್ತು.

ಯಡಿಯೂರು ಕೆರೆಯ ಆಚೆ ಬದಿಯ ಲೇಔಟಿನ ಗ್ರೌಂಡ್ ಅದು. ಹೆಂಗಸರ ಥ್ರೋಬಾಲ್ ಲೀಗಿನ ಫೈನಲ್ ಪ್ರತಿ ವರ್ಷ ಅಲ್ಲೇ. ಈ ಸಲ ಲೇಔಟಿನ ನಿವಾಸಿಗಳ ಅಸೋಸಿಯೇಷನ್ ಹೊಸ ಬೈಲಾ ಮಾಡಿತ್ತು: ಕಾಲೋನಿಗಳಿಂದ ಬರುವವರಿಗೆ ಕ್ಲಬ್ ಹೌಸಿನೊಳಗೆ ಪ್ರವೇಶವಿಲ್ಲ. ಎದುರಾಳಿಗಳಾದ ತ್ಯಾಗರಾಜನಗರದವರೂ ಹೊರಗಿನವರೇ. ಅವರು ಒಳಗೆ ಹೋಗಿ ಮುಖ ತೊಳೆದು ಬಂದ ಮೇಲೆ ಬೀಗ ಬಿದ್ದಿತ್ತು. ಸುಧಾಮಣಿಯ ತಂಡ ಕೆರೆಯ ಈಚೆಯ ಕಾಲೋನಿಯದು. ಜಾತಿಯ ಹೆಸರು ಬೈಲಾದಲ್ಲಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ನಾನು ಲೈನ್ ಅಂಪೈರ್. ಲೀಗ್ ನಡೆಸುವ ಅಂಜನಮ್ಮನವರ ಕತ್ರಿಗುಪ್ಪೆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ನನ್ನ ಗಂಡ ತೀರಿಕೊಂಡ ಮೇಲೆ ಒಂದು ದಿನ ಅವರು ಮೆಟ್ಟಿಲು ಹತ್ತಿ ಬಂದು, "ಮೂಲೇಲಿ ಕೂತ್ಕೊಳ್ಳೋದು ಹೇಗೂ ಕೂತಿದ್ದೀಯ, ಕೋರ್ಟಿನ ಮೂಲೇಲಿ ಕೂತ್ಕೊ" ಎಂದು ಕೈಗೆ ಬಾವುಟ ಕೊಟ್ಟಿದ್ದರು. ಕೂತೆ. ಚೆಂಡು ಒಳಗೆ, ಚೆಂಡು ಹೊರಗೆ. ಅಷ್ಟು ಸಾಕಾಗಿತ್ತು.

ಅಸೋಸಿಯೇಷನ್ನಿನ ಕಾರ್ಯದರ್ಶಿ ಚೈತನ್ಯ, ಅಂಜನಮ್ಮನವರ ಸ್ವಂತ ಮಗ.

"ಕಮಿಟಿ ಡಿಸೈಡ್ ಮಾಡಿರೋದಮ್ಮ. ನನ್ನೊಬ್ಬನ ಕೈಲಿ ಏನಿದೆ?"

"ಬೀಗದ ಕೈ ಇದೆಯಲ್ಲಪ್ಪ" ಅಂದರು ಅಂಜನಮ್ಮ.

ಹುಡುಗಿಯರು ಕಿಸಕ್ಕೆಂದರು. ಚೈತನ್ಯ ನಗಲಿಲ್ಲ. "ರೂಲ್ ಅಂದ್ರೆ ರೂಲ್."

"ಸರಿ. ಗ್ರೌಂಡ್ ನಿಮ್ಮದು, ಲೀಗ್ ನಂದು. ಏ, ಕಂಬ ಕೀಳ್ರೇ!"

"ಫೈನಲ್ ಎತ್ಕೊಂಡು ಎಲ್ಲಿಗೆ ಹೋಗ್ತೀಯಮ್ಮ?"

"ಬಾಗಿಲು ತೆಗೆಯೋರ ಹತ್ರಕ್ಕೆ."

ತ್ಯಾಗರಾಜನಗರದ ನಾಯಕಿ ಮೈತ್ರೇಯಿ ಮಾತ್ರ ಕದಲಲಿಲ್ಲ. "ನಾವು ಮಾತಾಡ್ಕೊಂಡು ಹೇಳ್ತೀವಿ ಆಂಟಿ" ಅಂದಳು.

ಒಂದೊಂದು ಕಬ್ಬಿಣದ ಕಂಬಕ್ಕೆ ನಾಲ್ಕು ನಾಲ್ಕು ಹೆಗಲು. ನೆಟ್ ಅಂಜನಮ್ಮನವರ ಭುಜದ ಮೇಲೆ. ನೋಡಲು ಬಂದವರು ಕುರ್ಚಿಗಳನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ಹೊರಟರು. ಮುಖ್ಯರಸ್ತೆಯಲ್ಲಿ ಗಾಡಿಗಳು ನಿಲ್ಲಲೊಲ್ಲವು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನಾನು ರಸ್ತೆಯ ನಡುವೆ ಹೋಗಿ ಬಾವುಟ ಎತ್ತಿದೆ. ಬಸ್ಸು ನಿಂತಿತು. ಅದರ ಹಿಂದೆ ಇಡೀ ರಸ್ತೆ ನಿಂತಿತು. ಒಂದು ಆಟದ ಅಂಗಳ ಮನುಷ್ಯರ ಹೆಗಲೇರಿ ನನ್ನ ಮುಂದೆ ಹಾದುಹೋಯಿತು.

ಕಾಲೋನಿಯ ಸಮುದಾಯ ಭವನದ ಮುಂದಿನ ಬಯಲಿಗೆ ನೀರು ಚಿಮುಕಿಸಿ, ಮಣ್ಣು ತುಂಬಿದ ಡ್ರಮ್ಮುಗಳಲ್ಲಿ ಕಂಬ ನಿಲ್ಲಿಸಿದರು. ಗೆರೆ ಎಳೆಯಲು ಸುಣ್ಣವಿರಲಿಲ್ಲ. ಮನೆಮನೆಯಿಂದ ಹೆಂಗಸರು ರಂಗೋಲಿ ಡಬ್ಬಿ ತಂದು ಬಗ್ಗಿದರು. ದಾರ ಹಿಡಿಯದೆ, ಬೆರಳ ಸಂದಿನಿಂದಲೇ, ಗೆರೆಗಳು ನೆಟ್ಟಗೆ ಓಡಿದವು. ಸುಧಾಮಣಿಯ ಅತ್ತೆ ಮುನಿಯಕ್ಕನ ಮೂಲೆಯಲ್ಲಿ ಮಾತ್ರ ಒಂದು ಕಮಲ ಅರಳಿತ್ತು.

"ಅಯ್ಯೋ ಅತ್ತೆ, ಇದು ಕೋರ್ಟು!"

"ಬರೀ ಗೆರೆ ಎಳೆದು ಬಿಡೋಕೆ ಮನಸ್ಸು ಬರಲಿಲ್ಲ ಕಣೆ."

ಎಲ್ಲ ತಯಾರಾಯಿತು. ಎದುರಿನ ಅರ್ಧ ಮಾತ್ರ ಖಾಲಿ.

"ಬರದಿದ್ರೆ ವಾಕ್‌ಓವರ್. ಕಪ್ ನಮ್ದೇ ಗುರು!" ಎಂದು ತಂಡದವಳೊಬ್ಬಳು ಕುಣಿದಳು.

"ಬಾಯ್ಮುಚ್ಚು" ಅಂದಳು ಸುಧಾಮಣಿ. "ಹಂಗೆ ಬಂದ ಕಪ್ಪು ಯಾರಿಗೆ ಬೇಕು? ಅವರು ಇಲ್ಲಿಗೆ ಬರಬೇಕು. ನಮ್ಮ ಮಣ್ಣಲ್ಲಿ ನಿಂತು ನಮ್ಮ ಜೊತೆ ಆಡಬೇಕು."

ಚೆಂಡನ್ನು ಅವಳು ಎದೆಗೆ ಒತ್ತಿ ಹಿಡಿದಿದ್ದಳು. ಬಿಸಿಲು ಇಳಿಯುತ್ತಿತ್ತು. ಯಾರೂ ಮನೆಗೆ ಹೋಗಲಿಲ್ಲ.

ಆಮೇಲೆ ಬೀದಿಯ ತುದಿಯಲ್ಲಿ ನೀಲಿ ಜರ್ಸಿಗಳು ಕಾಣಿಸಿದವು. ಇಡೀ ತಂಡ. ಮುಂದೆ ಮೈತ್ರೇಯಿ, ಕಂಕುಳಲ್ಲಿ ಮಗುವಿನಂತೆ ಕಪ್.

"ಇದನ್ನ ಅಲ್ಲೇ ಬಿಟ್ಟು ಬಂದಿದ್ದೀರಲ್ಲ ಆಂಟಿ! ಕಪ್ಪಿಲ್ಲದೆ ಅದ್ಯಾವ ಸೀಮೆ ಫೈನಲ್ಲು?"

ಅಂಜನಮ್ಮ ಕಪ್ಪನ್ನು ಇಸಿದುಕೊಂಡು ಸೆರಗಿನಿಂದ ಒರೆಸತೊಡಗಿದರು. ಮೈತ್ರೇಯಿ ಕಮಲದ ಪಕ್ಕ ಬಗ್ಗಿ, "ಇದರ ಮೇಲೆ ಬಿದ್ರೆ ಇನ್ನಾ, ಔಟಾ?" ಎಂದು ಕೇಳಿದಳು. ಎಲ್ಲರೂ ನನ್ನ ಕಡೆ ತಿರುಗಿದರು.

"ಗೆರೆಯಾಚೆಯ ಎಸಳು ಔಟ್" ಅಂದೆ. ನನ್ನ ದನಿ ಅಷ್ಟು ದೂರ ಹೋಗುತ್ತದೆಂಬುದನ್ನೇ ಮರೆತಿದ್ದೆ.

ಸುಧಾಮಣಿ ಚೆಂಡು ಚಾಚಿದಳು. "ನಮ್ಮನೆಗೆ ಬಂದಿದ್ದೀರ. ನೀವೇ ಮೊದಲು ಸರ್ವ್ ಮಾಡಿ."

"ಟಾಸ್ ಹಾಕ್ರೀ" ಅಂದಳು ಮೈತ್ರೇಯಿ. "ಆಡೋಕೆ ಬಂದಿದ್ದೀವಿ. ನೆಂಟರಲ್ಲ."

ಅಂಜನಮ್ಮ ನಾಣ್ಯ ಚಿಮ್ಮಿಸಿದರು. ಇಡೀ ಕಾಲೋನಿ ತಲೆಯೆತ್ತಿ ನೋಡಿತು. ನಾನೂ ನೋಡಿದೆ.