ಅರ್ಧ ಬಟ್ಟಲು ಮರ್ಯಾದೆ

ಹೆಬ್ಬೆರಳು, ಅಯ್ಯೋ, ಹೆಬ್ಬೆರಳು ಕಾಲುಚೀಲದಿಂದ ಆಚೆ ಬಂದುಬಿಟ್ಟಿದೆ, ಪಾರ್ಲಿಮೆಂಟ್ ಮೆಂಬರರ ಹೆಬ್ಬೆರಳು, ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆಯಂತೆ ಬೆಳ್ಳಗೆ, ಶಾಂತಿ ಅಂದಾಗೊಮ್ಮೆ ಎದ್ದು ನಿಲ್ಲುತ್ತದೆ, ಜವಾಬ್ದಾರಿ ಅಂದಾಗ ಬಾಗುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ, ಅವರೆಲ್ಲ ಮುಖ ನೋಡುತ್ತ ಕೂತಿದ್ದಾರೆ, ಬಾಗಿಲ ಬಳಿ ಚಹಾನೀರು ಕುದಿಯುವ ಸಮೋವಾರಿನ ಪಕ್ಕ ಕೂತ ಸೊಸೆಗೆ ಮಾತ್ರ ದೊಡ್ಡವರ ಪಾದದರ್ಶನ, ಮದುವೆಯಾದಾಗಿನಿಂದ ಇದೇ ಜಾಗ, ಬೆನ್ನಿಗೆ ಬಾಗಿಲಿನ ಚಳಿ, ಮೊಣಕಾಲಿಗೆ ಸಮೋವಾರಿನ ಕಾವು, ಹಿಂದಿನಿಂದ ಹೆಪ್ಪುಗಟ್ಟುತ್ತ ಮುಂದಿನಿಂದ ಬೇಯುತ್ತ — ಬುರುಲ್, ಬಟ್ಟಲು ಖಾಲಿಯಾಗಿದೆ, ಕಣ್ಣೆಲ್ಲಿದೆ ನಿಂಗೆ, ಅತ್ತೆ ಮೊಣಕೈಯಿಂದ ತಿವಿದರು, ಹೆಬ್ಬೆರಳ ಮೇಲಿದೆ ಅತ್ತೆ ಅಂತ ಹೇಳಲಾದೀತೇ, ಹಾಲು ಮೊದಲು, ಆಮೇಲೆ ಕಪ್ಪು ಡಿಕಾಕ್ಷನ್, ಆಮೇಲೆ ಕುದಿನೀರು, ಅರ್ಧಕ್ಕೆ ನಿಲ್ಲಿಸು, ಅರ್ಧಕ್ಕಿಂತ ಕೂದಲೆಳೆಯಷ್ಟು ಕೆಳಗೇ ಇರಲಿ, ಅರ್ಧ ಕೊಟ್ಟರೆ ಇನ್ನೂ ಕೂತಿರಿ, ಮತ್ತೆ ಮತ್ತೆ ಕೇಳಿ, ಮತ್ತೆ ಮತ್ತೆ ಕೊಡುತ್ತೇನೆ ಅಂತ, ಅಂಚಿನವರೆಗೆ ತುಂಬಿಸಿದರೆ ಕುಡಿದು ಎದ್ದು ಹೋಗಿ ಅಂತ, ಇದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ನನಗೆ ಗೊತ್ತಿರಲಿಲ್ಲ, ಗಣಿ ಊರಿನ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದವಳ ಮಗಳು ನಾನು, ಅಲ್ಲಿ ಗ್ಲಾಸು ತುಂಬದಿದ್ದರೆ ಮೇಜು ಗುದ್ದುತ್ತಿದ್ದರು, ಮದುವೆಯ ಮರುದಿನ ಬೆಳಿಗ್ಗೆ ಮಾವನ ಅಣ್ಣ ಬಂದಿದ್ದರು, ನನಗೆ ಪ್ರೀತಿ ಉಕ್ಕಿ ಬಟ್ಟಲನ್ನೂ ಉಕ್ಕಿಸಿದೆ, ಮುದುಕರು ಬಟ್ಟಲು ನೋಡಿದರು, ನನ್ನನ್ನು ನೋಡಿದರು, ಟೋಪಿ ಹಾಕಿಕೊಂಡರು, ಕುದುರೆ ಹತ್ತಿದರು, ಮುಂದಿನ ಚಳಿಗಾಲದವರೆಗೆ ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ, ಅವತ್ತಿನಿಂದ ಹಳ್ಳ ಉಕ್ಕಿ ಹರಿದರೂ ಊರವರು ಬುರುಲ್ ಚಹಾ ಹಾಕಿರಬೇಕು ಅನ್ನುತ್ತಾರೆ.

ಆ ಮುದುಕರ ಮಗನೇ ಈ ಹೆಬ್ಬೆರಳಿನವರು, ನನಗೆ ಭಾವನಾಗಬೇಕು, ಭಾವನ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಎತ್ತುವಂತಿಲ್ಲ, ಪಟ್ಟಣದ ಅಣ್ಣ ಅನ್ನಬೇಕು, ಬೀಗ ಬಾಯಿಗೆ ತಾನೇ, ಮನಸ್ಸಿಗೆ ಯಾರು ಹಾಕುತ್ತಾರೆ, ಶಾರ್ಶೆನ್, ಶಾರ್ಶೆನ್, ಶಾರ್ಶೆನ್, ನೋಡಿ, ಆಕಾಶವೇನೂ ಬೀಳಲಿಲ್ಲ, ಚುನಾವಣೆ ಬಂದಾಗ ಮಾತ್ರ ನಮ್ಮ ನೆನಪಾಗುತ್ತಿದ್ದ ಶಾರ್ಶೆನ್ ಇವತ್ತು ಚುನಾವಣೆಯಿಲ್ಲದೆ ಬಂದಿದ್ದಾರೆ, ಕಾರಿನ ಡಿಕ್ಕಿಯಲ್ಲಿ ಈ ಚಳಿಗಾಲದಲ್ಲೂ ಕಲ್ಲಂಗಡಿ ಬೇರೆ, ಯಾಕೆಂದರೆ ಸೋಮವಾರ ರಾಜಧಾನಿಯಲ್ಲಿ ವೋಟು, ಸಮುದ್ರದಾಚೆಯ ಯಾವುದೋ ದೇಶದ ಜಗಳಕ್ಕೆ ನಮ್ಮ ಸೈನಿಕರು ಹೋಗಬೇಕೋ ಬೇಡವೋ ಅಂತ, ಶಾರ್ಶೆನ್ ಹೋಗಬೇಕು ಅನ್ನುವ ಪಂಗಡ, ಆದರೆ ಬರಿಗೈಯಲ್ಲಿ ಅನ್ನಲಾಗದು, ಊರ ಹಿರಿಯರ ಆಶೀರ್ವಾದ ಬೇಕು, ಚಹಾ ಮುಗಿದ ಮೇಲೆ ಮಾವ ಎರಡೂ ಅಂಗೈ ತೆರೆದು ನಾಲ್ಕು ಒಳ್ಳೆಯ ಮಾತು ಹೇಳಿ ಮುಖ ಸವರಿಕೊಂಡರೆ ಆಯಿತು, ಸೋಮವಾರ ಮೈಕಿನ ಮುಂದೆ ನಿಂತು ನನ್ನ ಜನ ಅಂಗೈ ತೆರೆದು ಕಳಿಸಿದ್ದಾರೆ ಅಂದುಬಿಡುತ್ತಾರೆ — ಇನ್ನೂ ಏನೂ ತೀರ್ಮಾನ ಆಗಿಲ್ಲ ಚಿಕ್ಕಪ್ಪ, ನಿಮ್ಮನ್ನ ಕೇಳದೆ ಆಗೋದೂ ಇಲ್ಲ, ಹೆಬ್ಬೆರಳು ಎದ್ದು ನಿಂತಿತು, ಸುಳ್ಳು, ಬೆಳಿಗ್ಗೆ ಕುಬಾತ್ ಫೋನ್ ಮಾಡಿದ್ದ, ನನ್ನ ಮಗ, ಅಲ್ಲಿಗೆ ಹೋಗಬೇಕಾದ ತುಕಡಿಯ ಅಡುಗೆಯವನು, ಕುರಿ ಕೊಯ್ಯುವಾಗ ಕಣ್ಣು ಮುಚ್ಚಿಕೊಳ್ಳುವ ಹುಡುಗ ಸೈನ್ಯ ಸೇರಿದ್ದೇ ಅಲ್ಲಿ ಅಡುಗೆಮನೆ ಬೆಚ್ಚಗಿರುತ್ತೆ ಅಂತ, ಅಮ್ಮಾ, ನೂರು ಜನದ ಸಾರಿಗೆ ಉಪ್ಪೆಷ್ಟು ಹಾಕ್ಲಿ, ರುಚಿ ನೋಡಿ ಹಾಕೋ, ರುಚಿ ನೋಡೀ ನೋಡೀ ನಾಲಿಗೇನೇ ಸತ್ತೋಗಿದೆ ಅಮ್ಮಾ, ನಿನ್ನೆ ಮೇಜರ್ ಸಾಹೇಬ್ರು ಒಂದು ಚಮಚ ಕುಡಿದು ಎದ್ದು ನಿಂತು ನಂಗೆ ಸೆಲ್ಯೂಟ್ ಹೊಡೆದ್ರು, ಇಬ್ಬರೂ ನಕ್ಕೆವು, ಆಮೇಲೆ ಸುಮ್ಮನೆ ಅಂದ, ಹೊಸ ಬೂಟು ಕೊಟ್ಟಿದಾರಮ್ಮ, ತೆಳ್ಳಗಿದೆ, ಒಳಗೆ ಉಣ್ಣೆ ಇಲ್ಲ, ಬಿಸಿ ಮರಳಲ್ಲಿ ನಡೆಯೋಕಂತೆ, ಇಲ್ಲಿ ಹಿಮದಲ್ಲಿ ಕಾಲು ಮರಗಟ್ಟಿ ಹೋಗ್ತಿದೆ — ವೋಟು ಸೋಮವಾರ, ಬೂಟು ಆಗಲೇ ಬಂದಿದೆ, ಈ ಮಾತು ಇಲ್ಲಿ ನನಗೊಬ್ಬಳಿಗೇ ಗೊತ್ತು, ಹಿರಿಯರು ಮಾತಾಡುವಾಗ ಸೊಸೆ ಬಾಯಿ ಹಾಕುವಂತಿಲ್ಲ, ಚಹಾ ಹಾಕಬಹುದು.

ಎಲ್ಲಿದೆಯಪ್ಪಾ ಆ ದೇಶ, ಮೊದಲು ಅದನ್ನ ತೋರಿಸು, ಇದು ಇಮಾನ್‌ಕುಲ್ ಮೇಷ್ಟ್ರು, ಭೂಗೋಳ ಕಲಿಸಿ ನಿವೃತ್ತರಾದವರು, ಹಲ್ಲು ಅರ್ಧ ಹೋದರೂ ನಾಲಿಗೆ ಪೂರ್ತಿ ಇದೆ, ನೀನು ನಾಲ್ಕನೇ ಕ್ಲಾಸಲ್ಲಿ ನೈಲ್ ನದೀನ ಸೈಬೀರಿಯಾದಲ್ಲಿ ಹರಿಸಿದೋನು, ನಂಗೆ ಇವತ್ತಿಗೂ ಮರೆತಿಲ್ಲ, ಎಲ್ಲರೂ ನಕ್ಕರು, ಶಾರ್ಶೆನ್ ಕೂಡ ನಕ್ಕರು, ಕಿವಿ ಕೆಂಪಗಾಯಿತು, ಮರ್ಯಾದೆಗೆಂದು ಅವರ ಮುಂದಿಟ್ಟ ಕುರಿತಲೆ ಮಾತ್ರ ನಗಲಿಲ್ಲ, ಅದರ ಮುಖದಲ್ಲಿ ನನ್ನ ಗಂಡ ತಾಲಾಯ್‌ನ ಮುಖದಲ್ಲಿರುವ ಭಾವವೇ ಇದೆ, ಎಲ್ಲದಕ್ಕೂ ಒಪ್ಪಿಗೆ, ತೋರಿಸ್ತೀನಿ ಮೇಷ್ಟ್ರೇ, ಶಾರ್ಶೆನ್ ಅಂಗಿಯ ತೋಳು ಮಡಚಿ ಹಾಸುಬಟ್ಟೆಯ ಮೇಲೆಯೇ ಭೂಪಟ ಹಾಕಲು ಶುರುಮಾಡಿದರು, ಈ ರೊಟ್ಟಿ ನಮ್ಮ ದೇಶ, ಅತ್ತೆ ಎದೆ ಹಿಡಿದುಕೊಂಡರು, ಅಯ್ಯೋ ಮಗಾ ಬೋರಲು ಹಾಕಿದೀಯ, ರೊಟ್ಟೀನ ಬೋರಲು ಇಡಬಾರದು, ದೇಶವನ್ನು ನೆಟ್ಟಗೆ ಮಾಡಲಾಯಿತು, ಈ ಜಾಮ್ ಬಟ್ಟಲು ಆ ದೇಶ, ಈ ಒಣದ್ರಾಕ್ಷಿ ಶತ್ರು, ಇಗೋ ಈ ಬೊರ್ಸೋಕ್ ನಮ್ಮ ಹುಡುಗರು, ಬೆಳಿಗ್ಗೆ ನಾನು ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು ಸಾಲಾಗಿ ನಿಂತವು, ಹೋಗ್ತಾರೆ, ಮಧ್ಯದಲ್ಲಿ ನಿಲ್ತಾರೆ, ಶಾಂತಿ ಆಗುತ್ತೆ, ಬರ್ತಾರೆ, ಅಷ್ಟೇ — ಬರೋ ದಾರಿ ಯಾವುದು ಅಂತ ಮೇಷ್ಟ್ರು ಕೇಳುತ್ತಲೇ ಒಂದು ಬೊರ್ಸೋಕ್ ತೆಗೆದು ಜಾಮಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು, ಮೇಷ್ಟ್ರೇ, ಅದು ನಮ್ಮ ಎಡಪಕ್ಕದ ಪಡೆ, ಮೆತ್ತಗಿದೆಯಪ್ಪಾ ನಿನ್ನ ಪಡೆ, ನಂಗೆ ಹಲ್ಲಿಲ್ಲದಿದ್ರೂ ಮುಗಿದುಹೋಯ್ತು ನೋಡು, ತಾಲಾಯ್ ಹೌದು ಹೌದು ಅಂದ, ಶಾರ್ಶೆನ್ ದೇಶ ಅಂದ್ಮೇಲೆ ಜಗತ್ತಿನಲ್ಲಿ ಒಂದು ಹೆಸರು ಬೇಡವೇ ಅಂದರು, ಅದಕ್ಕೂ ಹೌದು ಹೌದು ಅಂದ, ಅನ್ನುತ್ತಲೇ ಕೈ ಚಾಚಿ ಇನ್ನೊಬ್ಬ ಸೈನಿಕನನ್ನು ತಿಂದ, ತುದಿಯಲ್ಲಿ ಒಂದು ಸ್ವಲ್ಪ ಸೀದು ಕಪ್ಪಾದ ಬೊರ್ಸೋಕ್ ನಿಂತಿದೆ, ಕುಬಾತ್ ಹಾಗೇ, ಸಾಲಿನಲ್ಲಿ ಯಾವಾಗಲೂ ಕೊನೆ, ಬಿಸಿಲಿಗೆ ಬೇಗ ಕಪ್ಪಾಗುವವನು, ತಾಲಾಯ್‌ನ ಬೆರಳು ಅದರ ಕಡೆಗೆ ಹೊರಟಿತು, ಬಿಡೋ, ನಿನ್ನ ಮಗ ಅವನು, ಕೈ ತಾನಾಗಿ ಚಾಚಿತು, ಬಾಚಿ ತೆಗೆದು ಮಡಿಲಿಗೆ ಹಾಕಿಕೊಂಡುಬಿಟ್ಟೆ, ಅತ್ತೆ ನೋಡಿದರು, ಹಸಿವಾದ್ರೆ ಅಡುಗೆಮನೇಲಿ ತಿನ್ನಬಾರದಾ, ಅಂದರು.

ಪಕ್ಕದ ಮನೆಗೆ ಬೆಂಕಿ ಬಿದ್ರೆ ಬಕೆಟ್ ಹಿಡ್ಕೊಂಡು ಓಡಬೇಕೋ ಬೇಡವೋ ಮೇಷ್ಟ್ರೇ, ಅಂದರು ಶಾರ್ಶೆನ್, ನೀನು ಬಕೆಟ್ ಹಿಡ್ಕೊಂಡು ಹೋಗೋದಾದ್ರೆ ನಾನೂ ಬರ್ತೀನಿ, ನೀನು ಬಂದೂಕ ಹಿಡ್ಕೊಂಡು ಹೊರಟಿದೀಯಲ್ಲ, ಅಂದರು ಮೇಷ್ಟ್ರು, ಅಲ್ಲಿ ಹೆಂಗಸರು ಮಕ್ಕಳು ಸಾಯ್ತಿದಾರೆ, ನಾವಿಲ್ಲಿ ಚಹಾ ಹೀರ್ತಾ ಕೂತಿರೋದಾ — ಈ ಮಾತಿಗೆ ಮೇಷ್ಟ್ರೂ ಬಾಯಿಗೆತ್ತಿದ ಬಟ್ಟಲನ್ನು ಕೆಳಗಿಟ್ಟರು, ನನಗೂ ಚುಚ್ಚಿತು, ಟೀವಿಯಲ್ಲಿ ಒಬ್ಬ ಹೆಂಗಸನ್ನು ನೋಡಿದ್ದೆ, ಒಂದೇ ಕಾಲಿಗೆ ಚಪ್ಪಲಿ, ತಲೆಯ ಮೇಲೆ ಹಾಸಿಗೆಯ ಗಂಟು, ಓಡುತ್ತ ಹಿಂದೆ ತಿರುಗಿ ತಿರುಗಿ ಯಾರನ್ನೋ ಕರೆಯುತ್ತಿದ್ದಳು, ಅವಳ ಮನೆಗೆ ಯಾರಾದರೂ ಹೋಗಬೇಕು, ನಿಜ, ಯಾರೂ ಹೋಗಬೇಡಿ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ, ಆದರೆ ಕುಬಾತ್ ಹೋಗಿ ಏನು ಮಾಡುತ್ತಾನೆ, ಉಪ್ಪು ಸಾರು ಕೊಟ್ಟರೆ ಅವಳೂ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಾಳೆಯೇ, ಅವಳನ್ನು ಯಾರಾದರೂ ಕೇಳಿದ್ದಾರೆಯೇ, ನಾವು ಬರಲೇನಮ್ಮಾ ಅಂತ, ನನ್ನನ್ನು ಕೇಳಿದ ಹಾಗೇ ಕೇಳಿರಬೇಕು, ಚಹಾ ಹಾಕಮ್ಮಾ ತಂಗಿ, ಶಾರ್ಶೆನ್ ಬಟ್ಟಲು ನೀಡಿದರು, ನಿನ್ನ ಮಗನೂ ಆ ತುಕಡೀಲೇ ಇದಾನಲ್ಲ, ಅದೃಷ್ಟವಂತ, ಸಮುದ್ರ ನೋಡ್ತಾನೆ, ಅಂದರು, ಹೆಬ್ಬೆರಳು ಕುಣಿಯಿತು, ಸಮುದ್ರವಂತೆ, ಈಜು ಬಾರದವನಿಗೆ, ಅರ್ಧಕ್ಕೆ ನಿಲ್ಲಿಸು ಬುರುಲ್, ಅರ್ಧಕ್ಕೆ, ನಿಲ್ಲಿಸಿದೆ.

ಚಿಕ್ಕಪ್ಪ, ನೀವೇ ಹೇಳಿ, ನೀವು ಹೋಗಿ ಬಂದೋರಲ್ವಾ, ಅರವತ್ತೆಂಟರಲ್ಲಿ, ಪ್ರಾಗ್‌ಗೆ, ಅಂತ ಶಾರ್ಶೆನ್ ಮಾವನಿಗೆ ಬೆಣ್ಣೆ ಹಚ್ಚಿದರು, ಮಾವನ ಮೀಸೆ ಅರಳಿತು, ಆ ಕಥೆ ಈ ಮನೆಯಲ್ಲಿ ಕುರಿಗಳಿಗೂ ಬಾಯಿಪಾಠ, ಸೋವಿಯತ್ ಕಾಲ, ನಾವೂ ಮಾಸ್ಕೋದ ಕೆಳಗೇ, ಅದರ ಸೈನ್ಯ ಪ್ರಾಗ್‌ಗೆ ನುಗ್ಗಿದ ವರ್ಷ, ಮಾವನಿಗೆ ಮೀಸೆ ಮೂಡುವ ವಯಸ್ಸು, ನೀರಿನ ಟ್ಯಾಂಕರ್ ಓಡಿಸುತ್ತಿದ್ದರು, ಆ ದೇಶದವರಿಗೆ ಸಹಾಯ ಮಾಡೋಕೆ ಹೋಗ್ತಿದೀವಿ ಅಂತ ಹೇಳಿ ಕಳಿಸಿದ್ರಪ್ಪಾ, ಹೋಗಿ ನೋಡಿದ್ರೆ ರಸ್ತೆ ಬೋರ್ಡೆಲ್ಲ ಕಿತ್ತುಹಾಕಿದಾರೆ, ಒಂದೂರಿಗೂ ಹೆಸರಿಲ್ಲ, ಒಂದೇ ಬೋರ್ಡು ಎಲ್ಲಾ ಕಡೆ, ಮಾಸ್ಕೋಗೆ ದಾರಿ ಈ ಕಡೆ ಅಂತ, ಒಂದೇ ಚರ್ಚನ್ನ ಮೂರು ಸಲ ಸುತ್ತಿದೆ ನಾನು, ಮೂರನೇ ಸಲ ಪಾದ್ರಿ ಕೈ ಬೀಸಿದ, ಇಲ್ಲಿ ಎಲ್ಲರೂ ನಗಬೇಕು, ನಕ್ಕರು, ಕಥೆ ಇಲ್ಲಿಗೆ ಮುಗಿಯಬೇಕು, ಯಾವಾಗಲೂ ಮುಗಿಯುತ್ತದೆ, ನೋಡಿದ್ರಾ, ಸಹಾಯ ಮಾಡೋಕೇ ಹೋಗಿದ್ರು, ಶಾರ್ಶೆನ್ ತೊಡೆ ತಟ್ಟಿಕೊಂಡರು, ಸರಿ ಚಿಕ್ಕಪ್ಪ, ಹೊತ್ತಾಯ್ತು, ಆಶೀರ್ವಾದ ಮಾಡಿ — ಮಾವನ ಕೈ ಮೊಣಕಾಲಿನಿಂದ ಎದ್ದಿತು, ಅರ್ಧದಲ್ಲೇ ನಿಂತಿತು, ಇನ್ನೊಂದು ಇದೆ, ಅಂದರು ಮಾವ, ಯಾರಿಗೂ ಹೇಳಿಲ್ಲ, ನನ್ನ ಟ್ಯಾಂಕರ್ ಖಾಲಿಯಾಗಿತ್ತು, ಬಿಸಿಲು, ನಾಲಿಗೆ ಅಂಗುಳಕ್ಕೆ ಅಂಟ್ಕೊಂಡಿತ್ತು, ಊರಿನೋರು ಬಾವಿಗೆ ಬೀಗ ಹಾಕಿದ್ರು, ಒಂದು ಮನೆಯಿಂದ ಒಬ್ಬ ಹೆಂಗಸು ಬಂದ್ಲು, ನಮ್ಮಮ್ಮನ ವಯಸ್ಸು, ಕೈಲಿ ಬಕೆಟ್, ಅಂಚಿನ ತನಕ ನೀರು, ನೆಟ್ಟಗೆ ನನ್ನ ಕಡೆಗೇ ಬಂದ್ಲು, ಒಂದು ಹನಿ ಚೆಲ್ಲಿಲ್ಲ, ನಾನು ಕೆಳಗಿಳಿದೆ, ಟೋಪಿ ತೆಗೆದೆ, ಎರಡೂ ಅಂಗೈ ಹಿಡಿದೆ, ಹಿಂಗೆ, ಮಾವನ ಅಂಗೈಗಳು ಗಾಳಿಯಲ್ಲಿ ತೆರೆದು ನಿಂತವು, ಅವಳು ನನ್ನ ಮುಖ ನೋಡಿದ್ಲು, ಅಷ್ಟೂ ನೀರನ್ನ ನನ್ನ ಕಾಲ ಹತ್ರ ಮಣ್ಣಿಗೆ ಸುರಿದ್ಲು, ಬೈಲಿಲ್ಲ ಕಣಪ್ಪಾ, ಅಳ್ತಿದ್ಲು, ಖಾಲಿ ಬಕೆಟ್ ಹಿಡ್ಕೊಂಡು ಒಳಗೆ ಹೋದ್ಲು — ಶಾರ್ಶೆನ್ ಕೆಮ್ಮಿದರು, ಅದು ಆ ಕಾಲ ಚಿಕ್ಕಪ್ಪ, ಈಗ ಹಾಗಲ್ಲ, ತಂಗಿ, ಇನ್ನೊಂದು ಚಹಾ, ಆಮೇಲೆ ಆಶೀರ್ವಾದ, ಅಂತ ಖಾಲಿ ಬಟ್ಟಲು ನನ್ನ ಕಡೆಗೆ ದಾಟಿಸಿದರು, ಹಾಲು, ಡಿಕಾಕ್ಷನ್, ಕುದಿನೀರು, ಅರ್ಧ ಬಂತು, ನಿಲ್ಲಿಸು ಬುರುಲ್, ನಿಲ್ಲಿಸಲಿಲ್ಲ, ಮಡಿಲಲ್ಲಿ ಬೊರ್ಸೋಕ್ ಇನ್ನೂ ಇದೆ, ಮುಕ್ಕಾಲು ಬಂತು, ಬೂಟಿನೊಳಗೆ ಉಣ್ಣೆಯಿಲ್ಲ, ಅಂಚು ಬಂತು, ಆಗ ನಿಲ್ಲಿಸಿದೆ, ಗೊತ್ತಿಲ್ಲದೆ ಅಲ್ಲ, ಈ ಸಲ ಗೊತ್ತಿದ್ದೇ, ಬಟ್ಟಲನ್ನು ಎರಡೂ ಕೈಯಲ್ಲಿ ಅತ್ತೆಯ ಕಡೆ ನೀಡಿದೆ, ಬುರುಲ್, ಅಂದರು ಅತ್ತೆ ಉಸಿರಿನಲ್ಲೇ, ಅಯ್ಯೋ ಹುಡುಗಿ ಮತ್ತೆ ಮರೆತಳು ಅಂತ ಅರ್ಧ ಚೆಲ್ಲಿಬಿಡಬಹುದಿತ್ತು, ಬಟ್ಟಲು ನೋಡಿದರು, ನನ್ನ ಮಡಿಲು ನೋಡಿದರು, ಹಾಗೇ ತಾಲಾಯ್‌ನ ಕೈಗೆ ಕೊಟ್ಟರು, ತಾಲಾಯ್ ಹೌದು ಅನ್ನಲಿಲ್ಲ, ಜನ್ಮದಲ್ಲಿ ಮೊದಲ ಸಲ ಅನ್ನಲಿಲ್ಲ, ಬೆರಳು ಸುಟ್ಟರೂ ತುಟಿ ಕಚ್ಚಿಕೊಂಡು ಮೇಷ್ಟ್ರಿಗೆ ದಾಟಿಸಿದ, ಮೇಷ್ಟ್ರು ಸಂಚುಗಾರ ಹುಡುಗನ ಹಾಗೆ ಕಣ್ಣರಳಿಸಿ ಪುಟ್ಟ ಪುಟ್ಟದಾಗಿ ಸರಿಸಿ ಸರಿಸಿ ಶಾರ್ಶೆನ್ ಮುಂದೆ ಇಟ್ಟರು, ಹಾಸುಬಟ್ಟೆಯ ಮೇಲೆ ಒಂದು ಕಲೆಯಿಲ್ಲ, ಹೆಬ್ಬೆರಳು ಕುಣಿಯುವುದನ್ನು ನಿಲ್ಲಿಸಿ ಮೆಲ್ಲಗೆ ಕಾಲುಚೀಲದೊಳಗೆ ಸೇರಿಕೊಂಡಿತು, ಶಾರ್ಶೆನ್ ಮಾವನ ಕಡೆ ನೋಡಿದರು, ಸೊಸೆಗೆ ತಿಳಿಯಲಿಲ್ಲ, ಕ್ಷಮಿಸಪ್ಪಾ, ಅಂತ ಮಾವ ಅಂದಿದ್ದರೆ ಸಾಕಿತ್ತು, ನಾವೆಲ್ಲ ಮಾವನ ಬಾಯಿ ನೋಡಿದೆವು, ಮಾವ ಎರಡೂ ಕೈಗಳನ್ನು ಮೊಣಕಾಲ ಮೇಲೆ ಕವುಚಿಟ್ಟುಕೊಂಡರು, ಕುಡಿಯಪ್ಪಾ ಶಾರ್ಶೆನ್, ಅಂದರು, ಆರಿಹೋಗುತ್ತೆ — ಬಟ್ಟಲು, ಎತ್ತಿದರೆ ಚೆಲ್ಲುತ್ತದೆ, ಎತ್ತದಿದ್ದರೆ ಅಲ್ಲೇ ಇರುತ್ತದೆ, ಅಂಚಿನ ತನಕ, ಅಂಚಿಗಿಂತಲೂ ಸ್ವಲ್ಪ ಮೇಲೆ ಉಬ್ಬಿಕೊಂಡು, ಒಂದು ಹನಿ ಚೆಲ್ಲದೆ, ತುಂಬಿದ ಬಟ್ಟಲು