ಹಸುವಿನ ಹೊಟ್ಟೆಯ ಅಯಸ್ಕಾಂತ

"ಈ ಹಾರಕ್ಕೆ ಎಷ್ಟು ಕೊಟ್ರಿ ಚಲಪತಪ್ನೋರೇ?"

ಬಗ್ಗಿದ್ದ ಚಲಪತಿ ಬಗ್ಗಿದಂತೆಯೇ ನಿಂತ. ಸುಗಂಧರಾಜದ ಹಾರ ವೆಂಕಟರಾಯಪ್ಪನ ಹೆಣದ ಎದೆಯಿಂದ ಗೇಣು ಮೇಲೆ ತೂಗುತ್ತಿತ್ತು. ಅದರ ಒಂದು ತುದಿಯನ್ನು ಸತ್ತವನ ಹೆಂಡತಿ ಆಂಜಿನಮ್ಮ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಅದೆಲ್ಲ ಈಗ ಯಾಕಮ್ಮಾ?"

"ಹೇಳಿ, ಲೆಕ್ಕ ಇರ್ಲಿ."

"ನಾನೂರು. ಶಿಡ್ಲಘಟ್ಟದಿಂದ ತರಿಸ್ದೆ."

"ಒಂದು ಅಯಸ್ಕಾಂತಕ್ಕೆ ನೂರೆಂಬತ್ತು. ನಿಮ್ಮ ಎರಡು ಹಸುಗೆ ಮುನ್ನೂರ ಅರವತ್ತು. ಅದನ್ನ ಇವ್ರು ತಿಂದ್ರು ಅಂತ ಡೇರಿ ಮುಂದೆ ನಿಂತು ಕೂಗಿದ್ರಿ. ಕಳ್ಳನಿಗೆ ನಾನೂರು ರೂಪಾಯಿ ಹಾರ ಯಾಕೆ ತಂದ್ರಿ?"

ಶಾಮಿಯಾನದ ಕೆಳಗೆ ಕೂತಿದ್ದವರು ತಿರುಗಿ ನೋಡಿದರು. ಪಕ್ಕದ ಮನೆಯ ಮುನಿಶಾಮಮ್ಮ ಬಂದು ಆಂಜಿನಮ್ಮನ ರಟ್ಟೆ ಹಿಡಿದಳು.

"ಬ್ಯಾಡ ಕಣೇ ಆಂಜಿನಿ, ಹೆಣದ ಮುಂದೆ ಬೇಡ."

"ಹೆಣದ ಮುಂದೆ ಅಲ್ದೆ ಇನ್ನೆಲ್ಲಿ ಅತ್ತೆ? ಇದ್ದಾಗ ಇವ್ರು ಬಾಯಿ ಬಿಡೋಕೆ ಯಾರು ಬಿಟ್ರು?"

ಚಲಪತಿ ಹಾರವನ್ನು ಬುದ್ಧನ ಪಟದ ಪಕ್ಕದ ಕುರ್ಚಿಯ ಮೇಲಿಟ್ಟು ಹಿಂದಕ್ಕೆ ಸರಿದ.

*

ವೆಂಕಟರಾಯಪ್ಪ ಮೂವತ್ತೊಂದು ವರ್ಷ ದನಗಳ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದ. ದಿಬ್ಬೂರಹಳ್ಳಿ ಸುತ್ತಿನಲ್ಲಿ ರೇಷ್ಮೆಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ದನಕ್ಕೆ ಹಾಕುತ್ತಾರೆ. ಅದರ ಜೊತೆ ಹುಳು ಗೂಡು ಕಟ್ಟುವ ಹಳೇ ಚಂದ್ರಿಕೆಯ ತಂತಿ, ಮೊಳೆ ಎಲ್ಲ ಹೊಟ್ಟೆಗೆ ಹೋಗುತ್ತವೆ. ಹಸು ಅಗಿದು ನೋಡುವುದಿಲ್ಲ, ನುಂಗುತ್ತದೆ. ತಂತಿ ಎದೆಗೂಡಿನ ಹತ್ತಿರ ಬಿದ್ದಿದ್ದು ಒಂದು ದಿನ ಗುಂಡಿಗೆಗೆ ಚುಚ್ಚುತ್ತದೆ. ಅದಕ್ಕೇ ಅವನು ಹೆಬ್ಬೆರಳು ಗಾತ್ರದ ನುಣುಪಾದ ಅಯಸ್ಕಾಂತವನ್ನು ಹಸುವಿನ ಗಂಟಲಿಗೆ ಇಳಿಸುತ್ತಿದ್ದ. ಅದು ಹಸು ಇರುವವರೆಗೂ ಒಳಗೇ ಇದ್ದು, ಬಿದ್ದ ಕಬ್ಬಿಣವನ್ನೆಲ್ಲ ಮೈಗೆ ಅಂಟಿಸಿಕೊಂಡು ಕೂತಿರುತ್ತದೆ.

ಮೇಲಿನ ಕೇರಿಯ ಕೊಟ್ಟಿಗೆಗಳಿಗೆ ಅವನು ಹಿಂದಿನ ಓಣಿಯಿಂದ ಬರಬೇಕಿತ್ತು, ಓಣಿಯಿಂದಲೇ ಹೋಗಬೇಕಿತ್ತು. ಕೈ ತೊಳೆಯಲು ಚೊಂಬು ಕೊಡುತ್ತಿರಲಿಲ್ಲ, ಮೇಲಿನಿಂದ ನೀರು ಹುಯ್ಯುತ್ತಿದ್ದರು.

ಆರು ವರ್ಷದ ಹಿಂದೆ ಚಲಪತಿಯ ಎರಡು ಸೀಮೆಹಸುಗಳಿಗೆ ಒಂದೇ ದಿನ ಅಯಸ್ಕಾಂತ ಹಾಕಿದ. ಎಂಟು ತಿಂಗಳಿಗೆ ಒಂದು ಸತ್ತಿತು. ಅಯಸ್ಕಾಂತ ಹಾಕದೆ ದುಡ್ಡು ತಿಂದ ಎಂದು ಚಲಪತಿ ಡೇರಿ ಮುಂದೆ ನಿಂತು ಕೂಗಿದ.

"ಹೊಟ್ಟೆ ಕುಯ್ಸಿ ನೋಡಿ ಸ್ವಾಮಿ," ಎಂದು ವೆಂಕಟರಾಯಪ್ಪ ಕೈಮುಗಿದ. "ಅಯಸ್ಕಾಂತ ಕಬ್ಬಿಣ ಹಿಡಿಯುತ್ತೆ, ತಾಮ್ರ ಹಿಡಿಯಲ್ಲ. ಸುಟ್ಟ ಮೋಟರಿನ ತಾಮ್ರದ ತಂತಿನ ನೀವು ಮೇವಿನ ಪಕ್ಕದಲ್ಲೇ ಬಿಚ್ಚಿ ಹಾಕಿದ್ರಲ್ಲ, ಅದು ಹೋಗಿರ್ಬೇಕು."

ತಪ್ಪು ತನ್ನ ಕಡೆ ತಿರುಗಿದ್ದು ಕಂಡು ಚಲಪತಿ ಕೆರಳಿದ. "ತಾಮ್ರವಂತೆ ತಾಮ್ರ! ನಾಳೆ ಬಂಗಾರ ನುಂಗ್ತು ಅಂತಾನೆ!"

ಹಾಲು ಹಾಕಲು ನಿಂತಿದ್ದವರೆಲ್ಲ ನಕ್ಕರು. ಸತ್ತ ಹಸುವನ್ನು ಜೆಸಿಬಿ ತರಿಸಿ ಹೂಳಿಸಿದ್ದಾಯಿತು. ಉಳಿದ ಹಸುವಿಗಾದರೂ ದಿಕ್ಸೂಚಿ ಹಿಡಿದು ಒಳಗೆ ಅಯಸ್ಕಾಂತ ಇರುವುದನ್ನು ತೋರಿಸುತ್ತೇನೆಂದರೆ, ಕೊಟ್ಟಿಗೆಗೆ ಕಾಲಿಟ್ಟರೆ ಕಾಲು ಮುರಿಯುತ್ತೇನೆಂದ ಚಲಪತಿ. ಅಂದಿನಿಂದ ಟೀ ಅಂಗಡಿಯಲ್ಲಿ ವೆಂಕಟರಾಯಪ್ಪನ ಹೆಸರು ನೂರೆಂಬತ್ತು. "ನೂರೆಂಬತ್ತು ಬಂತು, ಜೇಬು ನೋಡ್ಕೊಳ್ರೋ" ಎನ್ನುತ್ತಿದ್ದರು. ಅವನು ಟೀ ಕುಡಿಯುವುದನ್ನೇ ಬಿಟ್ಟ.

*

ಕೆಳಗಿನ ಕೇರಿಯ ಹೆಣ ಕೆರೆ ಏರಿಯ ಮೇಲೆ ಹೋಗುವುದು ವಾಡಿಕೆ. ಆಂಜಿನಮ್ಮ ಡೇರಿ ಬೀದಿಗೆ ತಿರುಗಿಸಿದಳು. ಚಲಪತಿಯ ಮನೆಯ ಮುಂದೆ ಬಂದಾಗ, "ಇಳಿಸ್ರಪ್ಪ" ಎಂದಳು.

ಮಗ ಅಂಬರೀಶ್ ಓಡಿ ಬಂದ. "ಅಮ್ಮಾ, ಬಿಸ್ಲು ಏರ್ತಾ ಇದೆ. ಗುಂಡಿ ತೋಡಿ ಕಾಯ್ತಾ ಅವ್ರೆ."

"ನಿಮ್ಮಪ್ಪ ಐದು ವರ್ಷ ಕಾದವ್ರೆ. ಇನ್ನರ್ಧ ಗಂಟೆ ಕಾಯ್ತಾರೆ."

ಎಲೆಅಡಿಕೆ ಚೀಲದಿಂದ ಗಂಡನ ದಿಕ್ಸೂಚಿ ತೆಗೆದು ನೇರ ಮುಂಬಾಗಿಲಿಗೆ ನಡೆದಳು.

"ಕೊಟ್ಟಿಗೆಗೆ ಹಿಂದಿನ ಓಣಿ ಇದೆ ಆಂಜಿನಮ್ಮ," ಎಂದ ಚಲಪತಿ.

"ಓಣಿ ನಂಗೆ ಗೊತ್ತಿಲ್ಲ. ಗೊತ್ತಿದ್ದೋರು ಅಲ್ಲಿ ಮಲಗವ್ರೆ."

ಚಲಪತಿಯ ಹೆಂಡತಿ ಚಿಕ್ಕವೆಂಕಟಮ್ಮ ಬಾಗಿಲಲ್ಲಿದ್ದಳು. ಗಂಡನ ಮುಖ ನೋಡಿದಳು, ಆಮೇಲೆ ಬೀದಿಯಲ್ಲಿದ್ದ ಹೆಣ ನೋಡಿದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಂಜಿನಮ್ಮನ ಹಿಂದೆ ಅರ್ಧ ಊರು ನಡುಮನೆ ದಾಟಿ ಕೊಟ್ಟಿಗೆಗೆ ಬಂತು.

"ಸರಪಳಿ ಬಿಚ್ಚು. ಹಗ್ಗ ಹಾಕು," ಎಂದಳು. ಚಲಪತಿಯ ಜೊತೆ ಅವಳು ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. "ಬಕೀಟು ಆಚೆ ಇಡು. ಪಕ್ಕದಲ್ಲಿ ಕಬ್ಬಿಣ ಇದ್ರೆ ಮುಳ್ಳು ಸುಳ್ಳು ಹೇಳುತ್ತೆ. ಆಮೇಲೆ ಸರಪಳಿಗೆ ತಿರುಗ್ತು ಅಂತೀಯ."

ಮೊದಲು, ಹೋದ ವರ್ಷ ತಂದ ಕಡಸಿನ ಪಕ್ಕೆಗೆ ದಿಕ್ಸೂಚಿ ಹಿಡಿದಳು. ಮುಳ್ಳು ಉತ್ತರದ ಗೋಡೆ ನೋಡುತ್ತಾ ಅಲ್ಲಾಡದೆ ನಿಂತಿತು.

"ನೋಡ್ಕೊಂಡ್ರಾ? ಇದರಲ್ಲಿ ಅಯಸ್ಕಾಂತ ಇಲ್ಲ."

ಆಮೇಲೆ ಹಳೇ ಹಸುವಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮುಂದಿನ ಎಡಗಾಲಿನ ಹಿಂದಕ್ಕೆ ಕೈ ಚಾಚಿದಳು. ಮುಳ್ಳನ್ನು ನೋಡದೆ ಕಣ್ಣು ಮುಚ್ಚಿಕೊಂಡಳು. ಗಂಡನನ್ನು ನೆನೆಯುತ್ತಿದ್ದಾಳೆಂದು ಎಲ್ಲರೂ ತಿಳಿದರು.

*

ಹಸು ಸತ್ತ ಮೂರನೇ ತಿಂಗಳು, ಮುದ್ದೆ ಬಡಿಸುತ್ತಾ ಅವಳೇ ಕೇಳಿದ್ದಳು: "ನನ್ನ ಹತ್ರ ಆದ್ರೂ ನಿಜ ಹೇಳಿ. ಹಾಕಿದ್ರಾ?"

ವೆಂಕಟರಾಯಪ್ಪ ಬಾಯಲ್ಲಿದ್ದ ತುತ್ತನ್ನು ನುಂಗಿದ. ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಆಮೇಲೆ ಆ ಮಾತನ್ನು ಮನೆಯಲ್ಲಿ ಎತ್ತಲೇ ಇಲ್ಲ. ಅವನ ಮೌನವನ್ನು ಅವಳು ತಪ್ಪೊಪ್ಪಿಗೆಯೆಂದುಕೊಂಡಿದ್ದಳು. ಅವನು ಸಾಯುವವರೆಗೂ ದಿಕ್ಸೂಚಿಯನ್ನು ಜೋಪಾನ ಮಾಡಿದ್ದೊಂದೇ ಇವತ್ತು ಅವಳನ್ನು ಈ ಕೊಟ್ಟಿಗೆಗೆ ತಂದಿತ್ತು.

*

ಮುಳ್ಳು ಒಮ್ಮೆ ತಡವರಿಸಿತು. ಆಮೇಲೆ ಗೋಡೆಯನ್ನು ಬಿಟ್ಟು ಹಸುವಿನ ಎದೆಗೂಡಿನ ಕಡೆಗೆ ಸರಕ್ಕನೆ ತಿರುಗಿತು. ಕೈಯನ್ನು ಹಿಂದೆ ಮುಂದೆ ಸರಿಸಿದಳು. ಮುಳ್ಳೂ ಹೊಟ್ಟೆಯೊಳಗಿನದನ್ನು ಹುಡುಕುತ್ತಾ ಸುತ್ತಿತು.

"ಐತೆ ಕಣ್ರೋ! ಒಳಗೈತೆ!" ಎಂದು ಕೂಗಿದಳು ಮುನಿಶಾಮಮ್ಮ.

ಚಲಪತಿ ತಲೆ ತಗ್ಗಿಸಿದ. "ತಪ್ಪಾಯ್ತಮ್ಮ."

"ಇಲ್ಲಿ ಬೇಡ. ಕೂಗಿದ್ದು ಎಲ್ಲಿ? ಅಲ್ಲೇ ನಿಂತು ಹೇಳು."

ಡೇರಿ ಕಟ್ಟೆಯ ಮೇಲೆ ನಿಂತು ಚಲಪತಿ ಏನೋ ಗೊಣಗಿದ.

"ಕೇಳಿಸ್ಲಿಲ್ಲ! ಅವತ್ತು ದಿಬ್ಬೂರಹಳ್ಳಿವರೆಗೂ ಕೇಳಿಸ್ತಿತ್ತಲ್ಲ ಗಂಟ್ಲು?" ಎಂದಳು ಮುನಿಶಾಮಮ್ಮ.

"ವೆಂಕಟರಾಯಪ್ಪನೋರು ಅಯಸ್ಕಾಂತ ಹಾಕಿದ್ರು. ದುಡ್ಡು ತಿಂದಿಲ್ಲ."

ಗುಂಪಿನಲ್ಲಿದ್ದ ಮುರಳಿಮೋಹನ್ ಮುಂದೆ ಬಂದು, "ಅಕ್ಕಾ, ಹೆಂಗೂ ಮುಳ್ಳು ಕೈಯಲ್ಲೇ ಐತೆ, ನಮ್ಮ ಹಸುನೂ ಒಂದು ಚೂರು..." ಎಂದ. ನೂರೆಂಬತ್ತು ಎಂದು ಮೊದಲು ಕರೆದವನು ಅವನೇ. ಆಂಜಿನಮ್ಮ ತಿರುಗಿ ನೋಡಿದ್ದಕ್ಕೇ ಅವನು ಮತ್ತೆ ಗುಂಪಿನೊಳಗೆ ಸೇರಿಕೊಂಡ.

ಗುಂಡಿಯ ಹತ್ತಿರ ಅಂಬರೀಶ್ ಬಿಳಿ ಬಟ್ಟೆ ಸರಿಸಿದ. "ಕೊನೇ ಸಲ ಮುಖ ನೋಡ್ಕೊಳಮ್ಮ. ಅಪ್ಪನ ಮಾನ ಉಳಿಸಿದೆ."

ಬೆಳಗಿನಿಂದ ಆ ಮುಖದ ಪಕ್ಕದಲ್ಲೇ ಕೂತು ನೊಣ ಓಡಿಸಿದ್ದಳು. ಈಗ ಕಣ್ಣು ಪಾದಗಳಿಂದ ಮೇಲಕ್ಕೆ ಏಳಲಿಲ್ಲ. ಊರಿಗೆ ನಿಜ ಗೊತ್ತಾಯಿತು. ಮುಳ್ಳು ತಿರುಗುವವರೆಗೂ ಅದು ಅವಳಿಗೂ ಗೊತ್ತಿರಲಿಲ್ಲ. ಅವಳು ಎರಡೂ ಪಾದಗಳನ್ನು ಹಿಡಿದುಕೊಂಡಳು. ಹೆಣವನ್ನು ಇಳಿಸಬೇಕೆಂದಾಗ ಆ ಬೆರಳುಗಳನ್ನು ಬಿಡಿಸಲು ಇಬ್ಬರು ಬೇಕಾದರು.