ಒಂದಿಂಚು ಟೈಲರ್ ಮಾಡಿದ ಗಿಟಾರು

ಅಂಗಡಿಗೆ ಬೋರ್ಡಿತ್ತು, ಬೋರ್ಡಿನ ಮೇಲೆ ಹೆಸರೂ ಇತ್ತು. ಆದರೆ ಬೀದಿಯವರೆಲ್ಲ ಆ ಟೈಲರನ್ನು ಕರೆಯುತ್ತಿದ್ದದ್ದು ‘ಒಂದಿಂಚು’ ಎಂದೇ. ಪ್ಯಾಂಟಿರಲಿ, ಕೋಟಿರಲಿ, ಅವನು ಹೊಲಿದ ಬಟ್ಟೆಯ ಒಳಗೆ ಒಂದಿಂಚು ಬಟ್ಟೆ ಮಡಿಚಿಕೊಂಡು ಕೂತಿರುತ್ತಿತ್ತು. ಮದುವೆಯ ಕೋಟನ್ನು ಹತ್ತು ವರ್ಷ ಬಿಟ್ಟು, ಹೊಟ್ಟೆ ಮುಂದೆ ಬಂದ ಮೇಲೆ, ನಾಚಿಕೊಂಡು ಹಿಡಿದು ಬಂದವರಿಗೆ ಅವನು ಒಂದು ಮಾತೂ ಆಡದೆ ಒಳಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡುತ್ತಿದ್ದ. ಇಂಥವನು ಐವತ್ತೆರಡನೆಯ ವಯಸ್ಸಿನಲ್ಲಿ ಗಿಟಾರು ಮಾಡಲು ಹೊರಟ.

ಅವನಿಗೆ ಸಂಗೀತದ ಗಂಧಗಾಳಿಯೂ ಇರಲಿಲ್ಲ. ಅದೆಲ್ಲ ಅಕ್ಕನ ಪಾಲಿಗೆ ಹೋಗಿತ್ತು. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಗಿಟಾರು ಪಾಠ ಹೇಳಿ ಹೇಳಿ ಅಕ್ಕ ತಮ್ಮನನ್ನು ಸಾಕಿದಳು. ಮುದ್ದು ಮಾಡಿ ಸಾಕಿದಳೆಂದು ಯಾರೂ ಹೇಳಲಾರರು. ಅವಳ ಕಣ್ಣಿಗೂ ಕಿವಿಗೂ ಮೊದಲು ಬೀಳುತ್ತಿದ್ದದ್ದು ತಪ್ಪು. ಹದಿನಾರರಲ್ಲಿ ಅವನು ಮೊದಲ ಅಂಗಿ ಹೊಲಿದು, ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿ ಹೊಗಳಿಸಿಕೊಂಡು ಮನೆಗೆ ತಂದಾಗ, ಅಕ್ಕ ಎರಡು ತೋಳುಗಳನ್ನೂ ಜೋಡಿಸಿ ಹಿಡಿದು ನೋಡಿ ಹೇಳಿದ್ದು ಒಂದೇ ಮಾತು: “ಬಿಚ್ಚು.”

ಅವನು ಅತ್ತ. ಅಳುತ್ತಲೇ ಬಿಚ್ಚಿದ, ಮತ್ತೆ ಹೊಲಿದ. ಹೀಗೆ ಮೂರು ಸಲ. ನಾಲ್ಕನೆಯ ಸಲ ಅಕ್ಕ ತುಟಿಪಿಟಕ್ಕೆನ್ನದೆ ಅಂಗಿ ಮಡಿಚಿ ಅವನ ಕೈಗಿಟ್ಟಳು. ತಾನು ಇವತ್ತು ಎರಡು ಹೊತ್ತು ನೆಮ್ಮದಿಯಾಗಿ ಉಣ್ಣುತ್ತಿರುವುದು ಆ ಮೂರು ಸಲದಿಂದ ಎಂದು ಅವನಿಗೆ ಗೊತ್ತು. ಅದನ್ನು ಅಕ್ಕನಿಗೆ ಯಾವತ್ತಾದರೂ ಹೇಳಿದ್ದನೇ? ಇಲ್ಲ. ಗಂಡಸರಿಗೆ ಇಂಥ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಏನು ಮಾಡುವುದು.

ಹೋದ ವರ್ಷ ಅಕ್ಕನ ಎಡಗೈಗೆ ಲಕ್ವ ಹೊಡೆಯಿತು. ಆರು ತಿಂಗಳು ಮಡಿಸಿ, ಬಿಡಿಸಿ, ಚೆಂಡು ಹಿಸುಕಿಸಿದ ಮೇಲೆ ಹೆಬ್ಬೆರಳಿಗೂ ಮೂರು ಬೆರಳಿಗೂ ಜೀವ ಬಂತು. ಕಿರುಬೆರಳು ಮಾತ್ರ ಮುನಿಸಿಕೊಂಡೇ ಉಳಿಯಿತು. ಹಳೆಯ ಗಿಟಾರಿನ ಅಗಲವಾದ ಕತ್ತು ಆ ಕೈಗೆ ಹಿಡಿತಕ್ಕೇ ಸಿಗಲಿಲ್ಲ. ಎರಡು ದಿನ ಹೆಣಗಾಡಿದ ಅಕ್ಕ ಮೂರನೆಯ ದಿನ ಅದನ್ನು ಹಳೆಯ ಶಿಷ್ಯೆಯೊಬ್ಬಳಿಗೆ ಕೊಟ್ಟುಬಿಟ್ಟಳು.

ತಮ್ಮನನ್ನು ಹೆದರಿಸಿದ್ದು ಅದಲ್ಲ. ಅಕ್ಕ ತಪ್ಪು ಹುಡುಕುವುದನ್ನೇ ಬಿಟ್ಟಳು. ಅಡುಗೆಗೆ ಉಪ್ಪು ಮರೆತರೂ “ಚೆನ್ನಾಗಿದೆ”, ಕಿಟಕಿಯ ಪರದೆ ಸೊಟ್ಟಗೆ ನೇತಾಡಿದರೂ “ಚೆನ್ನಾಗಿದೆ”.

“ಅತ್ತಿಗೆ ನನ್ನ ಬೈದು ಎಷ್ಟು ದಿನ ಆಯ್ತು ಗೊತ್ತಾ ನಿಮಗೆ?” ಎಂದು ಒಂದು ದಿನ ಅವನ ಹೆಂಡತಿ ಕಣ್ಣೊರೆಸಿಕೊಂಡಳು. ಇಪ್ಪತ್ತೈದು ವರ್ಷ ಬೈಸಿಕೊಂಡು ಮೂಗು ಮುರಿದವಳ ಬಾಯಲ್ಲಿ ಈ ಮಾತು!

ಮರುದಿನವೇ ಅವನು ಟೇಪು ತಂದು ಅಕ್ಕನ ಎಡಗೈಯ ಅಳತೆ ತೆಗೆದುಕೊಂಡ. ಹೆಬ್ಬೆರಳಿನಿಂದ ಉಂಗುರ ಬೆರಳಿನವರೆಗೆ, ಒಂದೊಂದು ಗೆಣ್ಣನ್ನೂ ಬಿಡದೆ.

“ಏನೋ ಇದು, ಗ್ಲೌಸ್ ಹೊಲೀತೀಯಾ?”

“ಹಂಗೇ ಅಂದ್ಕೋ ಅಕ್ಕ.”

ಪಕ್ಕದ ಅಂಗಡಿಯ ಬಡಗಿ, ಯಾವುದೋ ಹಳೆಯ ಮನೆ ಕೆಡವಿದಾಗ ಸಿಕ್ಕಿದ್ದ ಹಗುರವಾದ, ಎಳೆಗಳು ನೇರವಾಗಿದ್ದ ಹಲಗೆಯೊಂದನ್ನು ಸೀಳಿಕೊಟ್ಟ. “ಇಂಥದ್ದು ಇನ್ನೊಂದಿಲ್ಲ, ಹುಷಾರು” ಎಂದ. ಉಳಿದದ್ದನ್ನೆಲ್ಲ ಟೈಲರು ಮೊಬೈಲಿನ ವಿಡಿಯೋ ನೋಡಿ ಕಲಿತ. ಪಕ್ಕದ ಪಟ್ಟಿಗಳನ್ನು ಬಗ್ಗಿಸಲು ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದ. ಕಾಲರು ಕೂರಿಸಿದವನಿಗೆ ಮರ ಕೂರಿಸುವುದು ಏನು ಮಹಾ ಎಂದುಕೊಂಡ. ಎರಡು ಪಟ್ಟಿ ಮುರಿದ ಮೇಲೆ ಆ ಜಂಬ ಇಳಿಯಿತು, ಮೂರನೆಯದು ಬಗ್ಗಿತು. ಅಂಟು ಹಾಕಿದ ಅಂಚುಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಕಚ್ಚಿಸಿದ. ಆ ವಾರವೆಲ್ಲ ಹಗ್ಗದ ಮೇಲಿನ ಬಟ್ಟೆ ಗಾಳಿಗೆ ಹಾರಿ ಹೋಗಿ, ಹೆಂಡತಿ ಬೀದಿಯುದ್ದಕ್ಕೂ ಟವೆಲು ಹೆಕ್ಕುತ್ತ ಓಡಾಡಿದಳು.

ಎಡವಿದ್ದು ಮೇಲಿನ ಹಲಗೆಯಲ್ಲಿ. ಮೂರು ಮಿಲಿಮೀಟರಿಗಿಂತ ತೆಳ್ಳಗಾಗಬೇಕು ಎಂದು ವಿಡಿಯೋದವನು ಬಡಕೊಂಡಿದ್ದ. ಟೈಲರು ಐದರ ಹತ್ತಿರ ಬಂದಾಗಲೇ ಕೈ ನಿಲ್ಲಿಸಿದ.

“ಇನ್ನೂ ಕೆರೀರಿ. ಬಾಗಿಲು ಮಾಡ್ತಿದೀರೇನು?” ಎಂದ ಬಡಗಿ.

“ಒಳಗೆ ಒಂಚೂರು ಇರಲಿ ಬಿಡಪ್ಪ. ತೆಗೆದ್ಮೇಲೆ ವಾಪಸ್ ಹಾಕೋಕಾಗುತ್ತಾ?”

ಬಡಗಿ ಹಣೆ ಚಚ್ಚಿಕೊಂಡು ಹೋದ. ಮೂವತ್ತಾರು ವರ್ಷ ಒಂದಿಂಚು ಬಿಟ್ಟು ಬಂದ ಕೈ, ಗಿಟಾರೆಂದು ಬದಲಾದೀತೇ? ಕತ್ತನ್ನು ಕೆತ್ತುವಾಗಲೂ ಅಕ್ಕನ ಅಳತೆಗೆ ಮೇಲೊಂದಿಷ್ಟು ಬಿಟ್ಟ.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಗ್ಗೆ, ಇನ್ನೂ ಪಾಲಿಶ್ ಕಾಣದ ಗಿಟಾರಿಗೆ ತಂತಿ ಬಿಗಿದು ಅಕ್ಕನ ಮಡಿಲಲ್ಲಿಟ್ಟ. ಅಕ್ಕ ಎಡಗೈಯನ್ನು ಕತ್ತಿನ ಸುತ್ತ ತಂದಳು. ಕೈ ಸುತ್ತಿಕೊಂಡಿತು! ಬೆರಳುಗಳು ತಂತಿ ಮುಟ್ಟಿದವು. ಬಲಗೈಯಿಂದ ಮೀಟಿದಳು.

ಬೀರುವಿನ ಬಾಗಿಲು ತಟ್ಟಿದಂಥ ಸದ್ದು ಬಂತು, ಅಷ್ಟೇ. ಸಂಗೀತ ಬಾರದ ಅವನಿಗೂ ಅದು ಗಿಟಾರಿನ ದನಿಯಲ್ಲವೆಂದು ತಿಳಿಯಿತು.

“ಚೆನ್ನಾಗಿದೆ ಕಣೋ,” ಎಂದಳು ಅಕ್ಕ.

ಕೆಟ್ಟದಾಗಿದೆ ಎಂದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಗಿಟಾರು ಕೈಗೆ ಬಂದರೆ ಅಕ್ಕ ಮೊದಲಿನಂತಾಗುತ್ತಾಳೆ ಎಂದು ಎಂಟು ತಿಂಗಳು ನಂಬಿ ಕೂತಿದ್ದ. ಅವಳೋ ಸೊಟ್ಟ ಪರದೆಗೆ ಹೇಳಿದ ಮಾತನ್ನೇ ಇದಕ್ಕೂ ಹೇಳಿ ಕೈ ತೊಳೆದುಕೊಂಡಳು.

ಅವನು ನೆಲದ ಮೇಲೆ, ಅವಳ ಕಾಲ ಹತ್ತಿರ ಕೂತ.

“ಅಕ್ಕ, ನನ್ನ ಮೊದಲನೇ ಅಂಗಿ ನೆನಪಿದ್ಯಾ? ಎಲ್ರೂ ಚೆನ್ನಾಗಿದೆ ಅಂದ್ರು. ನೀನೊಬ್ಳು ಬಿಚ್ಚು ಅಂದೆ. ನಾನು ಮನುಷ್ಯ ಆಗಿದ್ದೇ ಅದರಿಂದ. ಇಷ್ಟು ವರ್ಷ ಇದನ್ನ ನಿಂಗೆ ಹೇಳಲಿಲ್ಲ, ನನ್ನ ಬುದ್ಧಿಗಿಷ್ಟು. ಈಗ ನೀನೂ ಎಲ್ರ ಥರ ಚೆನ್ನಾಗಿದೆ ಅಂದ್ಬಿಟ್ರೆ, ನಂಗೆ ಹೇಳೋರು ಯಾರಿದಾರೆ?”

ಅಕ್ಕ ಅವನನ್ನೇ ನೋಡಿದಳು. ಆಮೇಲೆ ಗಿಟಾರನ್ನು ಕಿವಿಯ ಹತ್ತಿರ ಎತ್ತಿ, ಬೆರಳ ಗೆಣ್ಣಿನಿಂದ ಹಲಗೆಯನ್ನು ಅಲ್ಲಲ್ಲಿ ಕುಟ್ಟಿದಳು. ಹುಬ್ಬು ಮೆಲ್ಲಗೆ ಗಂಟಿಕ್ಕಿತು. ಆ ಗಂಟನ್ನು ಅವನು ವರ್ಷದಿಂದ ಕಂಡಿರಲಿಲ್ಲ.

“ಇದಕ್ಕೂ ಒಳಗೆ ಬಿಟ್ಟಿದೀಯೇನೋ, ಪೆದ್ದ? ಕೋಟು ಹಾಕಿಸಿ ಕೂರಿಸಿದೀಯ, ಪಾಪ, ಉಸಿರಾಡೋದು ಹೇಗೆ ಇದು?”

“ಏನು ಮಾಡ್ಲಿ ಅಕ್ಕ?”

“ಬಿಚ್ಚು.”

ತಂತಿ ಬಿಚ್ಚಿದ. ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಕಂಬಳಿ ಹಾಸಿ ಗಿಟಾರು ಮಲಗಿಸಿದ. ಅಕ್ಕ ಸ್ಟೂಲಿನ ಮೇಲೆ ಕೂತಳು. ಅವನು ಸ್ಯಾಂಡ್ ಪೇಪರಿನಿಂದ ಉಜ್ಜುವುದು, ಅವಳು ಕುಟ್ಟಿ ಕೇಳಿ “ಇನ್ನೂ” ಎನ್ನುವುದು. ಅಂಚಿನ ಸುತ್ತ ಉಜ್ಜಿಸಿದಳು, ತೂತಿನೊಳಗೆ ಕೈ ಹಾಕಿಸಿ ಒಳಗಿನ ಆಧಾರದ ಪಟ್ಟಿಗಳನ್ನೂ ಸವೆಸಿದಳು. ಮಧ್ಯಾಹ್ನದ ಹೊತ್ತಿಗೆ ಅವನ ಅಂಗಿ ಬೆವರಿಗೆ ಅಂಟಿಕೊಂಡಿತ್ತು, ಹಲಗೆ ಬೆರಳಿನಡಿ ಮಿಡಿಯುತ್ತಿತ್ತು.

“ಅಕ್ಕ, ಇನ್ನು ಹರಿದುಹೋಗುತ್ತೆ. ಇಂಥ ಹಲಗೆ ಮತ್ತೆ ಸಿಗಲ್ಲ.”

“ಹೋದ್ರೆ ಬೇರೆ ಮರದಲ್ಲಿ ಇನ್ನೊಂದು ಮಾಡು. ಇನ್ನೂ.”

ಕಣ್ಣು ಮುಚ್ಚಿಕೊಂಡು ಉಜ್ಜಿದ. ಜೀವಮಾನದಲ್ಲಿ ಮೊದಲ ಸಲ, ಒಳಗೆ ಏನನ್ನೂ ಉಳಿಸಿಕೊಳ್ಳದೆ.

ಅಕ್ಕ ಮತ್ತೊಮ್ಮೆ ಕುಟ್ಟಿದಳು. ಕಿವಿಗೊಟ್ಟಳು. “ಸಾಕು.”

ತಂತಿ ಮತ್ತೆ ಬಿಗಿದಾಯಿತು. ಅಕ್ಕ ಮೂರು ಬೆರಳನ್ನು ಒಂದೊಂದಾಗಿ ಕೂರಿಸಿ ಮೀಟಿದಳು. ದನಿ ಎದ್ದು ಬಂತು. ಅಂಗಡಿ ತುಂಬಿ, ನೇತುಹಾಕಿದ ಕೋಟುಗಳ ನಡುವೆಲ್ಲ ಓಡಾಡಿತು. ಅಂಗಡಿಯ ಹಿಂದೆಯೇ ಇದ್ದ ಮನೆಯಿಂದ ಹೆಂಡತಿ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅವನು ಅತ್ತ, ಅಂಗಿ ಬಿಚ್ಚಿದ ದಿನ ಅತ್ತ ಹಾಗೆಯೇ, ಮರೆಮಾಚದೆ.

ಅಕ್ಕ ಅರ್ಧಕ್ಕೆ ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿಯೇ ಇತ್ತು.

“ಹೆಬ್ಬೆರಳ ಹತ್ರ ಕತ್ತು ದಪ್ಪ ಇದೆ. ಅಲ್ಲೂ ಬಿಟ್ಟಿದೀಯಾ?”

“ಹೂಂ ಅಕ್ಕ.”

“ನಾಚಿಕೆ ಇಲ್ವಾ? ಬಿಚ್ಚು.” ಹಾಗೆಯೇ ಬಾಗಿಲ ಕಡೆ ತಿರುಗಿದಳು. “ನೀನೇನೇ ಬಾಯ್ಬಿಟ್ಕೊಂಡು ನಿಂತಿದೀಯ? ಮನೇಲಿ ಆ ಪರದೆ ಸೊಟ್ಟಗೆ ನೇತಾಡ್ತಾ ವರ್ಷ ಆಯ್ತು, ಯಾರ ಕಣ್ಣಿಗೂ ಬೀಳಲ್ವಾ?”

“ಬಿತ್ತು ಅತ್ತಿಗೆ, ಈಗ ಬಿತ್ತು,” ಎಂದು ಹೆಂಡತಿ ಅಳುತ್ತ ನಗುತ್ತ ಪರದೆಯ ಕಡೆಗೆ ಓಡಿದಳು. ಟೈಲರು ಕಣ್ಣೊರೆಸಿಕೊಂಡು ತಂತಿ ಸಡಿಲಿಸಲು ಶುರು ಮಾಡಿದ.